ಕತ್ತಿ ಮೊದಲೋ, ಮಂತ್ರ ಮೊದಲೋ?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟಕ್ಕೆ ಹೊಸದಾಗಿ ಬಂದವರಿಗೆ ಪಾತ್ರ ಮಾಡಿಕೊಡಲು ಕೂತಾಗಲೆಲ್ಲ ನನಗೆ ಕೇಳಿಬರುವ ಬೇಡಿಕೆ ಒಂದೇ: ಕೈಯಲ್ಲಿ ಕತ್ತಿಯೂ ಇರಬೇಕು, ಬಾಯಲ್ಲಿ ಮಂತ್ರವೂ ಇರಬೇಕು. ಮಂತ್ರಿಸಿ ಬಾಣ ಬಿಡುವ ವೀರರ ಕಥೆ ಕೇಳಿ ಬೆಳೆದ ನಮಗೆ ಈ ಆಸೆ ಸಹಜವೇ. ಆಟಕ್ಕೂ ಇದು ಹೊಸದಲ್ಲ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಈ ಆಟದ 1981ರ ಬೇಸಿಕ್ ಆವೃತ್ತಿಯಲ್ಲಿ ‘ಎಲ್ಫ್’ ಎಂಬುದೇ ಒಂದು ಕ್ಲಾಸ್. ಅದು ಯೋಧನಂತೆ ಕಾದುತ್ತಿತ್ತು, ಮಾಂತ್ರಿಕನಂತೆ ಮಂತ್ರ ಹಾಕುತ್ತಿತ್ತು. ಆದರೆ ಎರಡನೇ ಲೆವೆಲ್‌ಗೆ ಏರಲು ಫೈಟರ್‌ಗೆ 2,000 ಅನುಭವ ಅಂಕ ಸಾಕಾಗಿದ್ದರೆ ಎಲ್ಫ್‌ಗೆ 4,000 ಬೇಕಿತ್ತು. ಎರಡೂ ಬೇಕೆಂದರೆ ಬೆಲೆ ತೆರಬೇಕು. ಐದನೇ ಆವೃತ್ತಿಯಲ್ಲೂ ಆ ಬೆಲೆ ಇದೆ, ಬೇರೆ ಬೇರೆ ಕಡೆ ಅಡಗಿ ಕೂತಿದೆ. ಅದು ಎಲ್ಲಿದೆ ಎಂದು ಹುಡುಕಿಕೊಂಡರೆ ಕ್ಲಾಸ್ ಆರಿಸುವುದು ಸುಲಭ.

ಇಲ್ಲಿನ ಲೆಕ್ಕವೆಲ್ಲ 2014ರ ನಿಯಮಗಳದ್ದು. 2024ರ ಪರಿಷ್ಕೃತ ಪುಸ್ತಕದಲ್ಲಿ ಬದಲಾದದ್ದನ್ನು ಬೇಕಾದ ಕಡೆ ಹೇಳುತ್ತೇನೆ.

ಮೊದಲು ಡಿಎಂ ಜೊತೆ ಮಾತಾಡಿ

ಪುಸ್ತಕ ತೆರೆಯುವ ಮೊದಲು ಆಟ ನಡೆಸುವ ಡಂಜನ್ ಮಾಸ್ಟರ್ (ಡಿಎಂ) ಹತ್ತಿರ ಎರಡು ವಿಷಯ ಕೇಳಿ. ಆಟ ಯಾವ ಲೆವೆಲ್‌ನಲ್ಲಿ ಶುರುವಾಗಿ ಎಲ್ಲಿಗೆ ಮುಗಿಯುತ್ತದೆ? ಒಂದು ರಾತ್ರಿಯ ನಿದ್ದೆಯಿಂದ ಇನ್ನೊಂದು ರಾತ್ರಿಯ ನಿದ್ದೆಗೆ ಎಷ್ಟು ಕಾಳಗ ಇರುತ್ತವೆ, ನಡುವೆ ಒಂದು ಗಂಟೆಯ ವಿರಾಮ ಸಿಗುತ್ತದೆಯೇ?

ಎರಡನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ನನ್ನ ಮಟ್ಟಿಗೆ ಅದೇ ಮುಖ್ಯ. 2014ರ ಡಂಜನ್ ಮಾಸ್ಟರ್ಸ್ ಗೈಡ್ ದಿನಕ್ಕೆ ಆರರಿಂದ ಎಂಟು ಮಧ್ಯಮ ಅಥವಾ ಕಠಿಣ ಕಾಳಗಗಳನ್ನು ಲೆಕ್ಕದಲ್ಲಿ ಇಟ್ಟುಕೊಂಡಿದೆ. ನಾನು ಕೂತ ಬಹುಪಾಲು ಟೇಬಲ್‌ಗಳಲ್ಲಿ ಒಂದೋ ಎರಡೋ ನಡೆದರೆ ಹೆಚ್ಚು. ದಿನಕ್ಕೊಂದೇ ಕಾಳಗವಾದರೆ ಸ್ಲಾಟ್ (ಮಂತ್ರ ಹಾಕಿದಾಗ ಖರ್ಚಾಗುವ ಶಕ್ತಿ) ತುಂಬಿಟ್ಟುಕೊಂಡ ಮಾಂತ್ರಿಕ ಎಲ್ಲವನ್ನೂ ಒಮ್ಮೆಗೇ ಸುರಿದುಬಿಡಬಹುದು. ಆರಾದರೆ ಕೊನೆಯ ಕಾಳಗದಲ್ಲಿ ಅವನು ಬರಿಗೈ. ದಣಿಯದ ಕತ್ತಿ ಇರುವವನಿಗೆ ಬೆಲೆ ಬರುವುದು ಆಗ.

ಒಂದು ಸರದಿಯ ಲೆಕ್ಕ ಬರೆಯಿರಿ

ಹಾಳೆಯಲ್ಲಿ ನಾಲ್ಕು ಚೌಕ ಬರೆಯಿರಿ: ಆ್ಯಕ್ಷನ್, ಬೋನಸ್ ಆ್ಯಕ್ಷನ್, ರಿಯಾಕ್ಷನ್, ಕಾನ್ಸಂಟ್ರೇಷನ್. ಯಾವ ಕ್ಲಾಸ್ ನಿಮ್ಮ ಮನಸ್ಸಿನಲ್ಲಿದ್ದರೂ ಅದರ ಶಕ್ತಿಗಳನ್ನು ಈ ಚೌಕಗಳಿಗೆ ಹಂಚಿ ನೋಡಿ. ಒಂದೇ ಚೌಕದಲ್ಲಿ ಮೂರು ಶಕ್ತಿ ಬಂದು ಕೂತರೆ ಅವುಗಳಲ್ಲಿ ಎರಡು ಪ್ರತಿ ಸುತ್ತಿನಲ್ಲೂ ಸುಮ್ಮನೆ ಕೂತಿರುತ್ತವೆ.

ಐದನೆಯದಾಗಿ ಇನ್ನೊಂದು ಚೌಕ ಸೇರಿಸಿ: ಕೈಗಳು. ಹೊಸಬರು ಎಡವುವುದು ಇಲ್ಲೇ. ಒಮ್ಮೆ ನಮ್ಮ ಟೇಬಲ್‌ನಲ್ಲಿ ಒಬ್ಬ ಹುಡುಗ ಮಂತ್ರ ಬಲ್ಲ ಫೈಟರ್ ಆದ ಎಲ್‌ಡ್ರಿಚ್ ನೈಟ್ ಪಾತ್ರವನ್ನು ಬಹಳ ಪ್ರೀತಿಯಿಂದ ಮಾಡಿಕೊಂಡು ಬಂದಿದ್ದ. ಬಲಗೈಯಲ್ಲಿ ಕತ್ತಿ, ಎಡಗೈಯಲ್ಲಿ ಗುರಾಣಿ. ಶತ್ರುವಿನ ಏಟು ಬೀಳುವ ಹೊತ್ತಿಗೆ ‘ಶೀಲ್ಡ್’ ಮಂತ್ರ ಎಂದ. ಆ ಮಂತ್ರಕ್ಕೆ ಕೈಯಿಂದ ಮುದ್ರೆ ತೋರಿಸಬೇಕು, ಕೈ ಖಾಲಿ ಇಲ್ಲ ಎಂದು ಡಿಎಂ ನಿಯಮ ತೋರಿಸಿದರು. ಹುಡುಗ ಪುಟ ತಿರುವಿ ತಿರುವಿ ನೋಡಿದ, ಮಂತ್ರ ಹಾಕಲಾಗಲಿಲ್ಲ. ಮೂರು ವಾರ ಕಾದು ಕಟ್ಟಿದ ಪಾತ್ರ ಮೊದಲ ಏಟಿಗೇ ಮಂಕಾಯಿತು. ಇದಕ್ಕೆ ದಾರಿ ಎರಡಿವೆ. ನಾಲ್ಕನೇ ಲೆವೆಲ್‌ನಲ್ಲಿ ‘ವಾರ್ ಕ್ಯಾಸ್ಟರ್’ ಫೀಟ್ ತೆಗೆದುಕೊಂಡರೆ ಎರಡೂ ಕೈ ತುಂಬಿದ್ದರೂ ಮಂತ್ರ ಹಾಕಬಹುದು. ಇಲ್ಲವೇ ಗುರಾಣಿ ಬಿಟ್ಟು ಎರಡು ಕೈಯ ದೊಡ್ಡ ಕತ್ತಿ ಹಿಡಿಯಿರಿ. ಹೊಡೆಯುವಾಗಷ್ಟೇ ಅದಕ್ಕೆ ಎರಡು ಕೈ ಬೇಕು, ಮಂತ್ರದ ಹೊತ್ತಿಗೆ ಒಂದು ಕೈ ಬಿಡಬಹುದು.

ಇಬ್ಬರನ್ನು ಓಗರ್ ಮುಂದೆ ನಿಲ್ಲಿಸಿ

ಐದನೇ ಲೆವೆಲ್‌ನ ಇಬ್ಬರನ್ನು ತೆಗೆದುಕೊಳ್ಳೋಣ. ಇಬ್ಬರಿಗೂ ಕಾನ್‌ಸ್ಟಿಟ್ಯೂಷನ್ 14. ಒಬ್ಬಳು ಎಲ್‌ಡ್ರಿಚ್ ನೈಟ್, ಅಂದರೆ ಮೂರನೇ ಲೆವೆಲ್‌ನಿಂದ ಮಂತ್ರ ಕಲಿಯುವ ಫೈಟರ್. ಚೈನ್ ಮೇಲ್ ಕವಚ, ಗುರಾಣಿ, ಡಿಫೆನ್ಸ್ ಶೈಲಿ, ವಾರ್ ಕ್ಯಾಸ್ಟರ್ ಎಲ್ಲ ಇವೆ. ಅವಳ ಎಸಿ (ಏಟು ತಾಗಲು ಶತ್ರು ಮುಟ್ಟಬೇಕಾದ ಅಂಕ) 19, ಹಿಟ್ ಪಾಯಿಂಟ್ 44. ಇನ್ನೊಬ್ಬ ಬ್ಲೇಡ್‌ಸಿಂಗರ್, ಅಂದರೆ ಎರಡನೇ ಲೆವೆಲ್‌ನಿಂದ ಕತ್ತಿವರಸೆ ಕಲಿತ ವಿಝರ್ಡ್. ಡೆಕ್ಸ್‌ಟೆರಿಟಿ 16, ಇಂಟೆಲಿಜೆನ್ಸ್ 18. ಮೇಜ್ ಆರ್ಮರ್ ಮಂತ್ರದಿಂದ ಎಸಿ 16, ಬ್ಲೇಡ್‌ಸಾಂಗ್ ಶುರುವಾದರೆ 20. ಹಿಟ್ ಪಾಯಿಂಟ್ ಮಾತ್ರ 32.

ಓಗರ್‌ನ ಗದೆಯೇಟಿಗೆ ದಾಳದ ಮೇಲೆ 6 ಕೂಡುತ್ತದೆ, ಬಿದ್ದರೆ ಸರಾಸರಿ 13 ಪೆಟ್ಟು. ನೈಟ್‌ಗೆ ಅದು ತಾಗುವ ಸಾಧ್ಯತೆ ಶೇ 40, ಹಾಡುತ್ತಿರುವ ಬ್ಲೇಡ್‌ಸಿಂಗರ್‌ಗೆ ಶೇ 35. ಇಲ್ಲಿಯವರೆಗೆ ವಿಝರ್ಡ್‌ನದೇ ಮೇಲುಗೈ. ಶೀಲ್ಡ್ ಮಂತ್ರ ಹಾಕಿದರೆ ಇಬ್ಬರ ಎಸಿಗೂ 5 ಕೂಡಿ ನೈಟ್‌ಗೆ ಶೇ 15, ಅವನಿಗೆ ಶೇ 10. ಆದರೆ ಬ್ಲೇಡ್‌ಸಾಂಗ್ ಹಾಡಲು ಒಂದು ಬೋನಸ್ ಆ್ಯಕ್ಷನ್ ಬೇಕು, ದಿನಕ್ಕೆ ಮೂರೇ ಸಲ, ಪ್ರತಿ ಸಲ ಒಂದೇ ನಿಮಿಷ. ಹೊಂಚು ಹಾಕಿದ ಓಗರ್ ಮೊದಲು ಹೊಡೆದರೆ ಹಾಡು ಶುರುವಾಗಿರುವುದಿಲ್ಲ, ಆಗ ಸಾಧ್ಯತೆ ಶೇ 55. ಸರಾಸರಿಯ ಮೂರು ಏಟು ಬಿದ್ದರೆ 39 ಪೆಟ್ಟು. ನೈಟ್ 5 ಹಿಟ್ ಪಾಯಿಂಟ್ ಉಳಿಸಿಕೊಂಡು ನಿಂತಿರುತ್ತಾಳೆ, ಬ್ಲೇಡ್‌ಸಿಂಗರ್ ನೆಲಕ್ಕೆ ಬಿದ್ದಿರುತ್ತಾನೆ. ಏಟು ತಪ್ಪಿಸಿಕೊಳ್ಳುವುದು ಬೇರೆ, ಏಟು ತಾಳಿಕೊಳ್ಳುವುದು ಬೇರೆ. ಬ್ಲೇಡ್‌ಸಿಂಗರ್‌ಗೆ ಮೊದಲನೆಯದು ಮಾತ್ರ ಗೊತ್ತು.

ಈಗ ಕಾನ್ಸಂಟ್ರೇಷನ್. ಬೇಕಾದ ಹೊತ್ತಿಗೆ ಕರ್ಣನಿಗೆ ಮಂತ್ರ ಮರೆತುಹೋಯಿತಲ್ಲ, ಆ ಭಯ ಈ ಆಟದಲ್ಲೂ ಇದೆ. ಏಕಾಗ್ರತೆ ಬೇಡುವ ಮಂತ್ರ ನಡೆಯುತ್ತಿರುವಾಗ ಪೆಟ್ಟು ಬಿದ್ದರೆ ದಾಳ ಹಾಕಿ, ಕಾನ್‌ಸ್ಟಿಟ್ಯೂಷನ್ ಬಲ ಕೂಡಿಸಿ, 10 ಅಥವಾ ಪೆಟ್ಟಿನ ಅರ್ಧ, ಯಾವುದು ಹೆಚ್ಚೋ ಅಷ್ಟು ತರಬೇಕು, ಇಲ್ಲದಿದ್ದರೆ ಮಂತ್ರ ಮುರಿಯುತ್ತದೆ. ಬ್ಲೇಡ್‌ಸಾಂಗ್ ಇದಕ್ಕೆ ಇಂಟೆಲಿಜೆನ್ಸ್ ಬಲ ಕೂಡಿಸುವುದರಿಂದ ಓಗರ್‌ನ ಆ 13ರ ಪೆಟ್ಟನ್ನು ಅವನು ಶೇ 85ರಷ್ಟು ಸಲ ದಾಟುತ್ತಾನೆ. ಸಾಮಾನ್ಯ ವಿಝರ್ಡ್‌ಗೆ ಅದು ಶೇ 65. ಈ ಕ್ಲಾಸ್‌ನ ನಿಜವಾದ ಸತ್ವ ಇದು. ಕತ್ತಿ ಬೀಸಲು ಬಂದ ಮಾಂತ್ರಿಕ ಎಂದು ಅವನನ್ನು ನೋಡಬೇಡಿ. ಮುಂದಿನ ಸಾಲಿನಲ್ಲಿ ನಿಂತೂ ಮಂತ್ರ ಕೈಬಿಡದ ಮಾಂತ್ರಿಕ ಎಂದು ನೋಡಿ.

ಮಂತ್ರ ಯಾವಾಗ ಕೈಗೆ ಬರುತ್ತದೆ?

ಫೈರ್‌ಬಾಲ್ ಒಂದನ್ನೇ ನೋಡಿ. ಬ್ಲೇಡ್‌ಸಿಂಗರ್‌ಗೆ ಅದು ಐದನೇ ಲೆವೆಲ್‌ನಲ್ಲಿ ಸಿಗುತ್ತದೆ, ಎಲ್‌ಡ್ರಿಚ್ ನೈಟ್‌ಗೆ ಹದಿಮೂರರಲ್ಲಿ. ನಿಮ್ಮ ಆಟ ಹತ್ತನೇ ಲೆವೆಲ್‌ಗೆ ಮುಗಿಯುವುದಾದರೆ ನೈಟ್ ಅದನ್ನು ಹಾಕುವುದೇ ಇಲ್ಲ. ಐದನೇ ಲೆವೆಲ್‌ನಲ್ಲಿ ಅವನ ಬಳಿ ಒಂಬತ್ತು ಸ್ಲಾಟ್, ಅವಳ ಬಳಿ ಮೂರು. ಆ ಮೂರನ್ನೂ ಶೀಲ್ಡ್‌ಗೆಂದು ಎತ್ತಿಡುವುದೇ ಜಾಣತನ. ಕತ್ತಿಯ ಕಡೆ ಲೆಕ್ಕ ತಿರುಗುತ್ತದೆ: ನೈಟ್‌ಗೆ ಐದನೇ ಲೆವೆಲ್‌ನಲ್ಲಿ ಎರಡು ಏಟು, ಹನ್ನೊಂದರಲ್ಲಿ ಮೂರು, ಜೊತೆಗೆ ಒಂದೇ ಸರದಿಯಲ್ಲಿ ಇನ್ನೊಂದು ಆ್ಯಕ್ಷನ್ ಕೊಡುವ ಆ್ಯಕ್ಷನ್ ಸರ್ಜ್. ಬ್ಲೇಡ್‌ಸಿಂಗರ್‌ಗೆ ಆರರಲ್ಲಿ ಎರಡು ಏಟು, ಅಲ್ಲಿಗೆ ನಿಂತಿತು. ಆದರೆ ಅವುಗಳಲ್ಲಿ ಒಂದರ ಬದಲು ಸ್ಲಾಟ್ ಬೇಡದ ಪುಟ್ಟ ಮಂತ್ರ ಹಾಕಬಹುದು. ಈ ಸೌಲಭ್ಯವನ್ನು 2024ರ ಪುಸ್ತಕ ಏಳನೇ ಲೆವೆಲ್‌ನ ನೈಟ್‌ಗೂ ಕೊಟ್ಟಿದೆ. ಬಹುತೇಕ ಎರಡೇ ಬಗೆಯ ಮಂತ್ರಗಳಲ್ಲಿ ಆರಿಸಬೇಕೆಂಬ ಹಳೆಯ ಕಟ್ಟುಪಾಡನ್ನೂ ತೆಗೆದುಹಾಕಿದೆ. ಒಳ್ಳೆಯ ತಿದ್ದುಪಡಿ.

ಉಳಿದವರು

ಹೆಕ್ಸ್‌ಬ್ಲೇಡ್ ವಾರ್ಲಾಕ್‌ನ ಆಕರ್ಷಣೆ ಸರಳ: ಕತ್ತಿಗೂ ಮಂತ್ರಕ್ಕೂ ಕರಿಸ್ಮಾ ಒಂದೇ ಸಾಕು. ಅಂಕಗಳನ್ನು ಎರಡು ಕಡೆ ಹಂಚುವ ಕಷ್ಟ ಇಲ್ಲ. ಐದನೇ ಲೆವೆಲ್‌ನಲ್ಲಿ ಸ್ಲಾಟ್ ಎರಡೇ, ಎರಡೂ ಮೂರನೇ ಹಂತದವು. ಅವು ಒಂದು ಗಂಟೆಯ ವಿರಾಮದಲ್ಲಿ ಮತ್ತೆ ತುಂಬುತ್ತವೆ. ಅಂಥ ಸ್ಲಾಟನ್ನು ಶೀಲ್ಡ್ ಮಂತ್ರಕ್ಕೆ ಖರ್ಚು ಮಾಡುವುದೆಂದರೆ ಬೆಂಕಿಪೊಟ್ಟಣಕ್ಕೆ ಐನೂರರ ನೋಟು ಕೊಟ್ಟು ಚಿಲ್ಲರೆ ಬಿಟ್ಟುಬಂದಂತೆ. ನಿಮ್ಮ ಡಿಎಂ ನಡುವೆ ವಿರಾಮ ಕೊಡುವವರಲ್ಲದಿದ್ದರೆ ಈ ಕ್ಲಾಸ್ ಬೇಡ.

ಕತ್ತಿಯೇಟಿನಲ್ಲೇ ಮಂತ್ರ ಮಿಂಚಬೇಕು, ಬೇರೆ ಮಂತ್ರಗಳ ಗೊಡವೆ ಬೇಡ ಎನ್ನುವವರು ಪ್ಯಾಲಡಿನ್ ನೋಡಿ. ಏಟು ತಾಗಿದ ಮೇಲೆ ಸ್ಲಾಟ್ ಖರ್ಚು ಮಾಡಿದರೆ ಎಂಟು ಮುಖದ ಎರಡು ದಾಳದಷ್ಟು ಬೆಳಕಿನ ಪೆಟ್ಟು ಕೂಡುತ್ತದೆ, ದೊಡ್ಡ ಸ್ಲಾಟ್ ಆದರೆ ಇನ್ನೂ ಹೆಚ್ಚು. ತಾಗಿದ ಮೇಲೆ ನಿರ್ಧರಿಸುವುದರಿಂದ ಸ್ಲಾಟ್ ವ್ಯರ್ಥವಾಗುವ ಮಾತೇ ಇಲ್ಲ. 2024ರಲ್ಲಿ ಇದಕ್ಕೆ ಬೋನಸ್ ಆ್ಯಕ್ಷನ್ ಬೇಕಾಗಿ, ಒಂದು ಸರದಿಗೆ ಒಂದೇ ಸಲಕ್ಕೆ ಇಳಿದಿದೆ. ಫೈಟರ್‌ನ ಕೆಲವು ಲೆವೆಲ್, ವಿಝರ್ಡ್‌ನ ಕೆಲವು ಲೆವೆಲ್ ಬೆರೆಸುವ ಉಪಾಯ ಹೊಸಬರಿಗೆ ಬೇಡ. ಎರಡೂ ಕಡೆಯ ಒಳ್ಳೆಯ ಶಕ್ತಿಗಳು ತಡವಾಗಿ ಬರುತ್ತವೆ.

ಮೊದಲ ಸಲ ಆಡುವವರಿಗೆ ನನ್ನ ಆಯ್ಕೆ ಎಲ್‌ಡ್ರಿಚ್ ನೈಟ್. ತಪ್ಪು ಮಾಡಿದರೂ ಸಾಯಿಸದೆ ಕಲಿಸುವ ಕ್ಲಾಸ್ ಅದು. ಒಂದು ಕಥೆ ಪೂರ್ತಿ ಆಡಿ, ಯಾವ ಏಟಿಗೆ ರಿಯಾಕ್ಷನ್ ಉಳಿಸಬೇಕೆಂಬ ಅಂದಾಜು ಬಂದ ಮೇಲೆ ಬ್ಲೇಡ್‌ಸಿಂಗರ್ ಹಿಡಿಯಿರಿ, ಅದರ ರುಚಿ ಆಗ ಗೊತ್ತಾಗುತ್ತದೆ. ನನ್ನ ಮಾತು ನಂಬಿ ಆರಿಸಬೇಕಾಗಿಲ್ಲ. ಈ ವಾರಾಂತ್ಯ ಐದನೇ ಲೆವೆಲ್‌ನ ಇಬ್ಬರನ್ನೂ ಎರಡು ಹಾಳೆಯ ಮೇಲೆ ಬರೆದು, ಒಬ್ಬೊಬ್ಬರನ್ನಾಗಿ ಎರಡು ಓಗರ್‌ಗಳ ಎದುರು ಐದು ಸುತ್ತು ಆಡಿಸಿ. ಅರ್ಧ ಗಂಟೆಯ ಕೆಲಸ. ಯಾರ ಸರದಿ ಬಂದಾಗ ನೀವು ದಾಳಕ್ಕೆ ಕೈ ಚಾಚಲು ಅವಸರಪಟ್ಟಿರೋ, ಆ ಹಾಳೆಯನ್ನು ಡಿಎಂಗೆ ಕೊಡಿ.