ಕುಸುರಿಯ ಹಟಕ್ಕೆ ಸ್ವಾರ್ಥದ ಪಟ್ಟ

ತನ್ನ ಕೆಲಸ ಅತ್ಯುತ್ತಮವಾಗಿರಬೇಕೆಂದು ಹಟ ಹಿಡಿಯುವವನು ಸ್ವಾರ್ಥಿಯೇ ಎಂಬ ಪ್ರಶ್ನೆಯನ್ನು ದಾವಣಗೆರೆ, ಹರಿಹರಗಳ ಲೇತ್ ಕಸುಬಿನವರ ನಡುವೆ ಇಟ್ಟು ನೋಡುವುದು ಉಚಿತ. ಏಕೆಂದರೆ 1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಲೇತ್ ಯಂತ್ರಗಳ ಜೊತೆಗೆ, ಕಾರ್ಖಾನೆ ಮುಚ್ಚಿದ ಮೇಲೂ ಕೈಗುಣ ಬಿಡದ ಫಿಟ್ಟರುಗಳ ಒಂದು ಪೀಳಿಗೆಯನ್ನೂ ತಯಾರು ಮಾಡಿತ್ತು. ಈ ಪ್ರಶ್ನೆಯೇನೂ ಹೊಸದಲ್ಲ; ಮನುಷ್ಯ ತನ್ನ ಶಕ್ತಿಯನ್ನು ಶ್ರೇಷ್ಠವಾಗಿ ಬಳಸುವುದರಲ್ಲೇ ಸುಖವಿದೆಯೆಂದು ಅರಿಸ್ಟಾಟಲ್ ವಾದಿಸಿದ್ದನು. ಹನ್ನೆರಡನೆಯ ಶತಮಾನದ ಶರಣರು ದುಡಿಮೆಯನ್ನೇ ಪೂಜೆಯೆಂದು ಬಗೆಯುವ ಕಾಯಕಕ್ಕೆ, ಅದರ ಫಲವನ್ನು ಸಮುದಾಯಕ್ಕೆ ಒಪ್ಪಿಸುವ ದಾಸೋಹವನ್ನು ಜೋಡಿಸಿದರು. ಗಿರಾಕಿ ಕೊಟ್ಟ ಗಡುವಿನ ಬಗ್ಗೆ ಇವರಾರೂ ಏನನ್ನೂ ಹೇಳಿಲ್ಲವೆಂಬುದು ಬೇರೆ ಮಾತು.

ಪ್ರಸ್ತುತ ಲೇಖಕನು ಆ ಪೀಳಿಗೆಯ ಹಿರಿಯರೊಬ್ಬರಿಂದ ಕಲಿತದ್ದು ಸ್ಕ್ರೇಪಿಂಗ್. ಸಮತಟ್ಟಾದ ಮಾದರಿ ಹಲಗೆಗೆ ನೀಲಿ ಬಣ್ಣವನ್ನು ತೆಳುವಾಗಿ ಸವರಿ, ಅದರ ಮೇಲೆ ಯಂತ್ರದ ಭಾಗವನ್ನು ಉಜ್ಜಿದಾಗ ಉಬ್ಬಿದ ಕಡೆಗಳಲ್ಲಷ್ಟೇ ನೀಲಿ ಅಂಟುತ್ತದೆ. ಅಷ್ಟನ್ನೇ ಕೈ ಉಳಿಯಿಂದ ಹೆರೆದು, ಮತ್ತೆ ಉಜ್ಜಿ, ಮತ್ತೆ ಹೆರೆಯುತ್ತ ಹೋಗುವ ಈ ಕೆಲಸದಲ್ಲಿ ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ, ಲೆಕ್ಕಕ್ಕೆ ಬರುತ್ತದೆ.

ಸಂಕಟ ಎದುರಾದದ್ದು ದಾವಣಗೆರೆಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ, ಆಯುಧಪೂಜೆಯ ಹಿಂದಿನ ಸಂಜೆ. ಹಳೆಯ ಲೇತೊಂದನ್ನು ಹೊಸದಾಗಿಸಿ ಮರುದಿನ ಪೂಜೆಯ ಹೊತ್ತಿಗೆ ರಾಣೆಬೆನ್ನೂರಿಗೆ ತಲುಪಿಸಬೇಕಿತ್ತು. ಹೊರಗೆ ಹಸಿರು ಬಣ್ಣ ಬಳಿದಾಗಿತ್ತು. ಆದರೆ ತಿರುಗುವ ಲೋಹವನ್ನು ಹಿಡಿದಿಡುವ ಚಕ್ಕಿನ ಹತ್ತಿರ, ಅಂದರೆ ಕೆಲಸ ಹೆಚ್ಚು ನಡೆದು ಸವೆತವೂ ಹೆಚ್ಚಾಗಿರುವ ಜಾಗದಲ್ಲಿ, ಏರುಪೇರು ತೋರಿಸುವ ಡಯಲ್ ಗೇಜಿನ ಮುಳ್ಳು ನಿಲ್ಲುತ್ತಿರಲಿಲ್ಲ. ಅಂಥ ಲೇತಿನಲ್ಲಿ ತಿರುಗಿಸಿದ ಪಂಪಿನ ಶಾಫ್ಟು ಒಂದು ಕಡೆ ದಪ್ಪ, ಒಂದು ಕಡೆ ಸಣ್ಣದಾಗಿ ಬೇರಿಂಗನ್ನು ತಿಂದುಹಾಕುತ್ತದೆ. ಕೊನೆಗೆ ನಷ್ಟ ಜಗಳೂರಿನ ಕಡೆಯ ಯಾವುದೋ ಬೋರ್‌ವೆಲ್ ರೈತನದು. ಅಂದೇ ಸಂಜೆ ಅಕ್ಕನ ಮಗಳ ನಿಶ್ಚಿತಾರ್ಥವಿತ್ತು. ಲೇಖಕನು ಅಲ್ಲಿಗೆ ಹೋಗದೆ, ಲೇತಿನ ಹಳಿಯ ಮೇಲೆ ಜಾರುವ ಸ್ಯಾಡಲನ್ನು ಬಿಚ್ಚಿ ಮತ್ತೆ ನೀಲಿ ಸವರಿದನು. ಬೀಗರು ಊಟ ಮುಗಿಸಿ ಹೊರಟ ಮೇಲೆ ಭಾವನೇ ವರ್ಕ್‌ಶಾಪಿಗೆ ಬಂದು, ಹುಡುಗರೆಲ್ಲ ಕೇಳುವಂತೆ, "ನಿನ್ನ ಹೆಸರಿನ ಹುಚ್ಚಿಗೆ ಮನೆ ಮಂದಿ ಮಾನ ತೆಗೀತಿಯೇನೋ? ಇಂಥ ಸ್ವಾರ್ಥಿನ ನಾನು ನೋಡಿಲ್ಲ" ಎಂದು ಕೂಗಾಡಿದನು. ಮಾಲೀಕರು ತಡೆಯಲಿಲ್ಲ, ಗೋಡೆಗೆ ಒರಗಿ ನೋಡುತ್ತಿದ್ದರು. ಉಳಿ ಹಿಡಿದ ಕೈ ನಡುಗತೊಡಗಿದ್ದರಿಂದ ಹೆರೆಯುವುದನ್ನು ನಿಲ್ಲಿಸಬೇಕಾಯಿತು. ನಡುಗುವ ಕೈ ಒಂದೇ ಎಳೆತಕ್ಕೆ ಇಡೀ ದಿನದ ಕೆಲಸವನ್ನು ಕೆಡಿಸಬಲ್ಲದು. ಕೈ ಹತೋಟಿಗೆ ಬಂದ ಮೇಲೆ ಮತ್ತೆ ಹೆರೆದಾಗ, ಬೆಳಗಿನ ಜಾವ ಮುಳ್ಳು ನಿಂತಿತು. ಗಾಡಿ ತಡವಾಗಿ ಹೊರಟಿತು, ಆ ತಿಂಗಳ ಕೂಲಿ ಕಡಿತವಾಯಿತು, ದೀಪಾವಳಿಯ ನಂತರ ಕೆಲಸಕ್ಕೆ ಕರೆಯೇ ಬರಲಿಲ್ಲ.

ಆ ವ್ಯಾಪಾರ ಕುದುರಿಸಿದ್ದಕ್ಕೆ ಭಾವನು ಮಾಲೀಕರಿಂದ ದಲ್ಲಾಳಿ ಹಣವನ್ನು ಮುಂಗಡವಾಗಿಯೇ ಪಡೆದಿದ್ದನೆಂಬುದು ಅನಂತರ ತಿಳಿಯಿತು. ನೈಪುಣ್ಯದ ಮೇಲೆ ಸ್ವಾರ್ಥದ ಆರೋಪ ಬಂದಾಗ, ತಡವಾದರೆ ಯಾರ ಗಂಟು ಕರಗುತ್ತದೆಂದು ಮೊದಲು ವಿಚಾರಿಸುವುದು ಒಳ್ಳೆಯದು. ಹೆಸರಿನ ಹುಚ್ಚೆಂಬ ಮಾತಿಗೂ ಹೆಚ್ಚು ತೂಕವಿಲ್ಲ; ಹೊಯ್ಸಳ ಶಿಲ್ಪಿ ಮಲ್ಲಿತಮ್ಮನು ತನ್ನ ಕೆಲಸದ ಮೇಲೆ ಹೆಸರು ಕೆತ್ತಿದ್ದನ್ನು ಯಾರೂ ಸ್ವಾರ್ಥವೆನ್ನುವುದಿಲ್ಲ. ಮಗಳ ನಿಶ್ಚಿತಾರ್ಥಕ್ಕೆ ತಮ್ಮ ಬರಲಿಲ್ಲವೆಂಬ ಅಕ್ಕನ ಬೇಸರ ಮಾತ್ರ ಬೇರೆ ಬಗೆಯದು, ಅದಕ್ಕೆ ಅರಿಸ್ಟಾಟಲನ ಬಳಿಯೂ ಉತ್ತರವಿಲ್ಲ. ಆದರೂ ಮುಳ್ಳು ನಿಂತ ಗಳಿಗೆಯಲ್ಲಿ ಉಂಟಾದ ಸುಖವು ಕೂಲಿ ಕಡಿತದಿಂದ ಕಡಿಮೆಯಾಗಲಿಲ್ಲ.

ಈ ಕಸುಬಿಗೆ ಬರುವ ಹುಡುಗರು ಗಡುವನ್ನು ಬಾಯಿಮಾತಿನಲ್ಲಿ ಒಪ್ಪಿಕೊಳ್ಳದೆ ಬರೆಸಿಕೊಳ್ಳಬೇಕು. ಹಬ್ಬದ ಹಿಂದಿನ ವಾರ ದೊಡ್ಡ ಕೆಲಸ ಹಿಡಿಯಬಾರದು. ಭಾವಂದಿರನ್ನು ದಲ್ಲಾಳಿಗಳನ್ನಾಗಿ ಮಾಡಿಕೊಳ್ಳಬಾರದು. ಹಳೆಯ ಲೇತ್ ಕೊಳ್ಳುವವರು ಬಣ್ಣ ನೋಡದೆ, ಉದ್ದನೆಯ ಸರಳೊಂದನ್ನು ಎದುರಿಗೇ ತಿರುಗಿಸಿ, ಎರಡೂ ತುದಿಗಳನ್ನು ಮೈಕ್ರೋಮೀಟರಿನಿಂದ ಅಳೆಸಿದ ಮೇಲೆಯೇ ಹಣ ಎಣಿಸಬೇಕು.