ಮಲ್ಪೆಯ ಯೆಜ್ಡಿಗೆ ಯಾವ ಹ್ಯಾಂಡಲ್?

ಪ್ರಶ್ನೆ: ಅಪ್ಪನ ಹಳೆಯ ಯೆಜ್ಡಿ ರೋಡ್‌ಕಿಂಗ್ ಅನ್ನು ನನಗೆ ಬೇಕಾದ ಹಾಗೆ ಮಾಡಿಸಿಕೊಳ್ಳುತ್ತಿದ್ದೇನೆ. ಸೀಟು ಗಿಡ್ಡ ಮಾಡಿಸಿ, ಟ್ಯಾಂಕಿಗೆ ಕಡುಹಸಿರು ಬಣ್ಣ ಹೊಡೆಸಿದ್ದಾಯಿತು. ಈಗ ಹ್ಯಾಂಡಲ್ ವಿಷಯಕ್ಕೆ ಮನೆಯಲ್ಲಿ ಜಗಳ. ನನಗೆ ಕಪ್ಪು ಬೇಕು. ‘ಯೆಜ್ಡಿ ಅಂದ್ರೆ ಫಳಫಳ ಹೊಳೀಬೇಕು’ ಅಂತಾರೆ ಅಪ್ಪ. ಮನೆ ಕಡಲಿಗೆ ತೀರಾ ಹತ್ತಿರ. ಏನು ಮಾಡಲಿ?
– ಓದುಗ, ಮಲ್ಪೆ

ಉತ್ತರ: ನಿಮ್ಮ ಪತ್ರದಲ್ಲಿ ಮುಖ್ಯವಾದ ಮಾತು ಕೊನೆಯಲ್ಲಿದೆ: ಕಡಲು. ನೀವು ಮೈಸೂರಿನವರಾಗಿದ್ದರೆ ಅಪ್ಪನ ಪಕ್ಷ ಹಿಡಿಯುತ್ತಿದ್ದೆ. ಹಸಿರು ಟ್ಯಾಂಕಿನ ಮುಂದೆ ಕ್ರೋಮ್ ನಿಜಕ್ಕೂ ಚೆಂದ.

ಆದರೆ ಹೊಳೆಯುವ ಆ ಕ್ರೋಮಿಯಂ ಪದರ ಸಾಮಾನ್ಯವಾಗಿ ಒಂದು ಮೈಕ್ರಾನ್‌ನಷ್ಟೂ ದಪ್ಪ ಇರುವುದಿಲ್ಲ. ತುಕ್ಕು ತಡೆಯುವ ಕೆಲಸವೆಲ್ಲ ಅದರ ಕೆಳಗಿನ ನಿಕಲ್‌ನದು. ಕ್ರೋಮಿನಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ. ನಿಕಲ್ ತೆಳುವಾಗಿದ್ದರೆ ಉಪ್ಪುಗಾಳಿ ಅಲ್ಲಿಂದ ಕಬ್ಬಿಣದವರೆಗೂ ಇಳಿಯುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕಂದು ಚುಕ್ಕೆಗಳು ಎದ್ದರೆ ಆಶ್ಚರ್ಯವಿಲ್ಲ. ದಿನಾ ಸಿಹಿನೀರಲ್ಲಿ ತೊಳೆದು, ಒರೆಸಿ, ವ್ಯಾಕ್ಸ್ ಹಚ್ಚುವ ಶ್ರದ್ಧೆ ನಿಮಗಿದೆಯೇ? ಕಪ್ಪು ಕೇಳುವವರಿಗೆ ಸಾಮಾನ್ಯವಾಗಿ ಇರುವುದಿಲ್ಲ!

ಹಾಗಾಗಿ ಕಪ್ಪನ್ನೇ ಹಾಕಿಸಿ, ಆದರೆ ಸ್ಪ್ರೇ ಪೇಂಟ್ ಬೇಡ, ಅದು ಬೇಗ ಸಿಪ್ಪೆ ಏಳುತ್ತದೆ. ಪೌಡರ್ ಕೋಟಿಂಗ್ ಮಾಡಿಸಿ. ಒಲೆಯಲ್ಲಿ ಸುಮಾರು 180–200 ಡಿಗ್ರಿಯಲ್ಲಿ ಬೇಯಿಸಿದ ಪದರ ಗಟ್ಟಿ. ಅದಕ್ಕೂ ದೋಷವಿದೆ. ಏಟು ಬಿದ್ದು ಒಂದು ಕಡೆ ಚಕ್ಕೆ ಎದ್ದರೆ ಪದರದ ಅಡಿಯಲ್ಲೇ ತುಕ್ಕು ಹರಡುತ್ತದೆ, ಹೊರಗಿನಿಂದ ಬೇಗ ಗೊತ್ತಾಗುವುದಿಲ್ಲ. ಚಕ್ಕೆ ಕಂಡ ದಿನವೇ ಟಚಪ್ ಮಾಡಿ. ಕ್ಲ್ಯಾಂಪ್ ಕಚ್ಚುವ ಜಾಗಕ್ಕೆ ಪೌಡರ್ ಬೀಳದಂತೆ ಟೇಪ್ ಸುತ್ತಲು ಹೇಳಿ. ಅಲ್ಲಿ ದಪ್ಪ ಪದರ ಕೂತರೆ ಬರಬರುತ್ತಾ ಅದು ಅಮುಕಿ ಹ್ಯಾಂಡಲ್ ಸಡಿಲವಾಗುತ್ತದೆ.

ಒಂದು ಕೆಲಸ ಮಾತ್ರ ಮಾಡಬೇಡಿ: ಅಪ್ಪನ ಹ್ಯಾಂಡಲನ್ನೇ ಕಪ್ಪು ಮಾಡಿಸಬೇಡಿ. ಕ್ರೋಮಿನ ಮೇಲೆ ಪೌಡರ್ ಸರಿಯಾಗಿ ಹಿಡಿಯದು, ಮೊದಲು ಕ್ರೋಮ್ ತೆಗೆಸಬೇಕು. ತೆಗೆಸಿದ್ದು ಮತ್ತೆ ಬರುವುದಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿದೆ. ಅಲ್ಲಿಂದ ಬಂದ ಹ್ಯಾಂಡಲ್ ಆಗಿದ್ದರೆ ಎಣ್ಣೆ ಸವರಿ, ಬಟ್ಟೆ ಸುತ್ತಿ ಅಟ್ಟದಲ್ಲಿಡಿ. ಅಪ್ಪನಿಗೂ ಅಷ್ಟು ಸಾಕಾದೀತು. ಹೆಡ್‌ಲೈಟ್ ರಿಂಗ್, ಸೈಲೆನ್ಸರ್ ಹೇಗೂ ಹೊಳೆಯುತ್ತಲೇ ಇರುತ್ತವೆ. ಅಂದಹಾಗೆ, ಟ್ಯಾಂಕಿನ ಹೊಸ ಬಣ್ಣವನ್ನು ಆರ್.ಸಿ.ಯಲ್ಲಿ ಬರೆಸಿದ್ದೀರಾ? ಹ್ಯಾಂಡಲ್ ಬಣ್ಣಕ್ಕಿಂತ ಪೊಲೀಸರ ಕಣ್ಣಿಗೆ ಮೊದಲು ಬೀಳುವುದು ಅದೇ.

ಹೊಸ ಹ್ಯಾಂಡಲ್ ಹಳೆಯದರ ಅಳತೆಯದ್ದೇ ಇರಲಿ. ಅಗಲವೋ ಎತ್ತರವೋ ಹೆಚ್ಚಾದರೆ ಕೇಬಲ್ ಸಾಲದೆ ಬರುತ್ತದೆ. ಕೂರಿಸಿದ ಮೇಲೆ ಎಂಜಿನ್ ಚಾಲೂ ಮಾಡಿ, ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ. ಆಕ್ಸಿಲರೇಟರ್ ಮುಟ್ಟದೆಯೇ ಸದ್ದು ಏರಿದರೆ ಕೇಬಲ್ ಬಿಗಿಯುತ್ತಿದೆ ಎಂದರ್ಥ. ಅದು ಸರಿಯಾಗುವವರೆಗೆ ಗಾಡಿಯನ್ನು ರಸ್ತೆಗೆ ಇಳಿಸಬೇಡಿ.