ಕಟ್ಟಡದ ವಿನ್ಯಾಸದಲ್ಲಿ ತಪ್ಪಾದರೆ ನಷ್ಟ ಯಾರದು? ವಾಸ್ತುಶಿಲ್ಪಿಗಳ ವೃತ್ತಿ ಹೊಣೆಗಾರಿಕೆ ವಿಮೆ

ಗ್ರಾಮ ಪಂಚಾಯಿತಿ ಕಾಮಗಾರಿಗಳ ನಕ್ಷೆ ಮತ್ತು ಅಂದಾಜು ಪತ್ರಿಕೆಗಳನ್ನು ಬಹುಮಟ್ಟಿಗೆ ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗವೇ ಸಿದ್ಧಪಡಿಸುತ್ತದೆ. ಆದರೂ ವಾಣಿಜ್ಯ ಮಳಿಗೆ, ಸಮುದಾಯ ಭವನದಂತಹ ಕಟ್ಟಡಗಳಿಗೆ ಖಾಸಗಿ ವಾಸ್ತುಶಿಲ್ಪಿಯ ಸೇವೆ ಪಡೆಯುವ ಸಂದರ್ಭಗಳುಂಟು. ಆಗ ಸದಸ್ಯರ ಗಮನವೆಲ್ಲ ಗುತ್ತಿಗೆದಾರನ ಟೆಂಡರ್ ದರದ ಮೇಲೆ ನೆಟ್ಟಿರುತ್ತದೆ. ವಾಸ್ತುಶಿಲ್ಪಿಯೊಡನೆ ಮಾಡಿಕೊಂಡ ಕರಾರನ್ನು ಸಭೆಯಲ್ಲಿ ಪೂರ್ತಿ ಓದುವುದು ಅಪರೂಪ.

ಎರೆ ಭೂಮಿಯ ಒಂದು ಗ್ರಾಮದಲ್ಲಿ ಸಮುದಾಯ ಭವನ ಕಟ್ಟಲಾಗಿದೆ ಎಂದು ಭಾವಿಸೋಣ. ಎರೆ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಇಂತಹ ನೆಲದಲ್ಲಿ ಮಣ್ಣು ಪರೀಕ್ಷೆ ಮಾಡಿಸಿ, ಈ ಉಬ್ಬು–ಕುಗ್ಗು ತಲುಪದಷ್ಟು ಆಳಕ್ಕೆ ಬುನಾದಿ ಇಳಿಸಬೇಕು. ಅದಕ್ಕೆಂದೇ ಬುಡ ಅಗಲಿಸಿದ ಪೈಲ್ ಬುನಾದಿಯ ಕ್ರಮವನ್ನು ಭಾರತೀಯ ಮಾನಕ ಐಎಸ್ 2911ರ ಮೂರನೆಯ ಭಾಗ ವಿವರಿಸುತ್ತದೆ. ನಕ್ಷೆಯಲ್ಲಿ ಮಾತ್ರ ಗಟ್ಟಿ ನೆಲಕ್ಕೆ ಸಲ್ಲುವ ಕಡಿಮೆ ಆಳದ ಬುನಾದಿ ತೋರಿಸಲಾಗಿತ್ತು. ಎರಡನೆಯ ಮಳೆಗಾಲಕ್ಕೆ ಗೋಡೆಗಳು ಓರೆಯಾಗಿ ಸೀಳಿದವು.

ಗುತ್ತಿಗೆದಾರನು ನಕ್ಷೆಯಂತೆಯೇ ಕಟ್ಟಿರುವುದಾಗಿ ಹೇಳುತ್ತಾನೆ. ಸಿಮೆಂಟು, ಕಬ್ಬಿಣಗಳ ಪರೀಕ್ಷಾ ವರದಿಗಳು ಸರಿಯಾಗಿದ್ದರೆ ಅವನ ಮಾತು ನಿಲ್ಲುತ್ತದೆ. ಅವನ ಭದ್ರತಾ ಠೇವಣಿ ಅವನ ಕೆಲಸದ ದೋಷಕ್ಕೆ ಇರುವುದೇ ಹೊರತು ಬೇರೊಬ್ಬರ ವಿನ್ಯಾಸದ ದೋಷಕ್ಕಲ್ಲ. ಇನ್ನು ವಾಸ್ತುಶಿಲ್ಪಿ ಪಡೆದ ಶುಲ್ಕ ಒಂದೂವರೆ ಲಕ್ಷ, ದುರಸ್ತಿಗೆ ಬೇಕಾದದ್ದು 14 ಲಕ್ಷ ಎಂದಿಟ್ಟುಕೊಂಡರೆ, ನ್ಯಾಯಾಲಯದಲ್ಲಿ ಗೆದ್ದರೂ ಹಣ ಕೈಸೇರುವ ಭರವಸೆಯಿಲ್ಲ. ಪ್ರೊಫೆಷನಲ್ ಇಂಡೆಮ್ನಿಟಿ ಪಾಲಿಸಿ ಎಂದು ಕರೆಯಲಾಗುವ ವೃತ್ತಿ ಹೊಣೆಗಾರಿಕೆ ವಿಮೆ ಈ ಸಂದರ್ಭಕ್ಕಾಗಿಯೇ ಇದೆ. ವೃತ್ತಿ ಕರ್ತವ್ಯದಲ್ಲಿ ಆದ ನಿರ್ಲಕ್ಷ್ಯ, ತಪ್ಪು ಅಥವಾ ಲೋಪದಿಂದ ಇತರರಿಗಾದ ನಷ್ಟಕ್ಕೆ ವಾಸ್ತುಶಿಲ್ಪಿಯು ಕಾನೂನಿನಂತೆ ಕೊಡಬೇಕಾದ ಪರಿಹಾರವನ್ನು ಷರತ್ತುಗಳಿಗೆ ಒಳಪಟ್ಟು ವಿಮಾ ಕಂಪನಿ ಭರಿಸುತ್ತದೆ.

ಕಾರ್ಯಾದೇಶ ನೀಡುವಾಗ ಪಾಲಿಸಿಯ ನಕಲು ಪಡೆದು ಕಡತದಲ್ಲಿಟ್ಟರೆ ಸಾಕೆಂಬ ಭಾವನೆ ತಪ್ಪು. ವಾಹನ ವಿಮೆಯಲ್ಲಿ ಅಪಘಾತವಾದ ದಿನ ಪಾಲಿಸಿ ಚಾಲ್ತಿಯಲ್ಲಿರಬೇಕು. ಈ ವಿಮೆಯಲ್ಲಿ ಸಾಮಾನ್ಯವಾಗಿ, ತಪ್ಪು ನಡೆದ ದಿನ ಪಾಲಿಸಿ ಇತ್ತೆಂಬುದು ಸಾಲದು. ಪರಿಹಾರದ ಬೇಡಿಕೆ ಬಂದ ದಿನ ಅದು ಚಾಲ್ತಿಯಲ್ಲಿರಬೇಕು. 2023ರ ಜೂನ್‌ನಲ್ಲಿ ನಕ್ಷೆ ಕೊಟ್ಟ ವಾಸ್ತುಶಿಲ್ಪಿ 2024ರ ಮಾರ್ಚ್‌ನಲ್ಲಿ ಪಾಲಿಸಿ ನವೀಕರಿಸದೆ ಬಿಟ್ಟರೆ, 2025ರ ಆಗಸ್ಟ್‌ನಲ್ಲಿ ಕಂಡ ಬಿರುಕಿಗೆ ಕಂಪನಿ ಹಣ ಕೊಡುವುದಿಲ್ಲ. ನಡುವೆ ಹೊಸ ಪಾಲಿಸಿ ಪಡೆದಿದ್ದರೂ ಅದರಲ್ಲಿ ನಮೂದಾದ ಪೂರ್ವಾನ್ವಯ ದಿನಾಂಕವನ್ನು ನೋಡಬೇಕು. ಅದಕ್ಕೂ ಹಿಂದೆ ಆದ ತಪ್ಪು ರಕ್ಷಣೆಯ ಹೊರಗುಳಿಯುತ್ತದೆ. ಆದುದರಿಂದ ಕಟ್ಟಡ ಪೂರ್ಣಗೊಂಡ ಬಳಿಕವೂ ಇಂತಿಷ್ಟು ವರ್ಷ ಪಾಲಿಸಿಯನ್ನು ಕಡಿತವಿಲ್ಲದೆ ಮುಂದುವರಿಸಿ ಪ್ರತಿ ನವೀಕರಣದ ಪ್ರತಿಯನ್ನು ಪಂಚಾಯಿತಿಗೆ ಸಲ್ಲಿಸಬೇಕೆಂಬ ಷರತ್ತು ಕರಾರಿನಲ್ಲೇ ಇರಬೇಕು. ಇಡೀ ವಿಷಯದಲ್ಲಿ ಒಂದೇ ಷರತ್ತು ಸೇರಿಸಲು ಸಾಧ್ಯವಾದರೆ ಅದು ಇದೇ ಆಗಿರಲಿ.

ಮೊತ್ತದ ಬಗೆಗೂ ಎಚ್ಚರ ಬೇಕು. ಪಾಲಿಸಿಯಲ್ಲಿ ಒಂದು ಘಟನೆಗೆ ಒಂದು ಮಿತಿ, ಇಡೀ ವರ್ಷಕ್ಕೆ ಇನ್ನೊಂದು ಮಿತಿ ಇರುತ್ತದೆ. ವರ್ಷದ ಮಿತಿ ಆ ವಾಸ್ತುಶಿಲ್ಪಿಯ ಎಲ್ಲ ಗ್ರಾಹಕರಿಗೂ ಸೇರಿದ್ದು. ಸಾಮಾನ್ಯವಾಗಿ ವಕೀಲರ ಖರ್ಚೂ ಅದರೊಳಗೇ ಬರುತ್ತದೆ. ಪ್ರತಿ ಬೇಡಿಕೆಯಲ್ಲೂ ಮೊದಲ ಒಂದು ಭಾಗವನ್ನು ವಾಸ್ತುಶಿಲ್ಪಿಯೇ ಭರಿಸಬೇಕು.

ಉದ್ದೇಶಪೂರ್ವಕ ತಪ್ಪು, ಅಪರಾಧ ಕೃತ್ಯ, ದಂಡ ಇವಾವುದಕ್ಕೂ ಈ ವಿಮೆ ಒದಗುವುದಿಲ್ಲ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಕಟ್ಟಡ ಕುಸಿದು ಹಲವರು ಪ್ರಾಣ ಕಳೆದುಕೊಂಡ ದುರಂತ ಜನರ ನೆನಪಿನಲ್ಲಿದೆ. ಅಂತಹ ಸಂದರ್ಭದಲ್ಲಿ ಹೂಡಲಾಗುವ ಕ್ರಿಮಿನಲ್ ಮೊಕದ್ದಮೆಯ ಶಿಕ್ಷೆಯನ್ನು ಯಾವ ಪಾಲಿಸಿಯೂ ಹೊರುವುದಿಲ್ಲ. ಅದು ಕೊಡುವುದು ಹಣದ ಪರಿಹಾರ ಮಾತ್ರ. ನೋಂದಣಿಯ ವಿಷಯವೂ ಇದೆ. 1972ರ ವಾಸ್ತುಶಿಲ್ಪಿಗಳ ಅಧಿನಿಯಮದ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಾಯಿಸಿದವರು ಮಾತ್ರ ಆ ಹೆಸರನ್ನು ಬಳಸಬಹುದು. ಆದರೆ ಆ ಕಾನೂನು ಹೆಸರಿನ ಬಳಕೆಯನ್ನು ತಡೆಯುತ್ತದೆಯೇ ಹೊರತು ನಕ್ಷೆ ಬರೆಯುವ ಕೆಲಸವನ್ನಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ನೋಂದಣಿ ಸಂಖ್ಯೆಯನ್ನು ಕೇಳಿ ಪರಿಶೀಲಿಸುವ ಹೊಣೆ ಪಂಚಾಯಿತಿಯದೇ. ಬುನಾದಿ, ಕಂಬ, ತೊಲೆಗಳ ಲೆಕ್ಕವನ್ನು ಬೇರೆ ಸ್ಟ್ರಕ್ಚರಲ್ ಇಂಜಿನಿಯರ್ ಮಾಡಿದ್ದರೆ ಅವರ ವಿಮೆಯನ್ನೂ ಪ್ರತ್ಯೇಕವಾಗಿ ನೋಡಬೇಕು.

ಬಿರುಕು ಕಂಡ ಮೇಲೆ ಸಭೆಗೆ ವಾಸ್ತುಶಿಲ್ಪಿಯನ್ನು ಕರೆಸಿ, ತಪ್ಪೊಪ್ಪಿಗೆ ಬರೆದುಕೊಡುವಂತೆ ಒತ್ತಾಯಿಸುವುದು ಸಹಜವಾಗಿ ಕಂಡರೂ ಪಂಚಾಯಿತಿಗೇ ಹಾನಿಕರ. ಕಂಪನಿಯ ಒಪ್ಪಿಗೆಯಿಲ್ಲದೆ ವಿಮಾದಾರನು ಹೊಣೆ ಒಪ್ಪಿಕೊಳ್ಳಬಾರದೆಂಬುದು ಇಂತಹ ಪಾಲಿಸಿಗಳ ಸಾಮಾನ್ಯ ಷರತ್ತು. ಅದನ್ನು ಮೀರಿದರೆ ಬರಬೇಕಾದ ಪರಿಹಾರವೇ ತಪ್ಪಬಹುದು. ಮೌನವಾಗಿರುವ ವಾಸ್ತುಶಿಲ್ಪಿ ನುಣುಚಿಕೊಳ್ಳುತ್ತಿದ್ದಾನೆಂದೇ ತಿಳಿಯಬೇಕಿಲ್ಲ. ಒಪ್ಪಿಗೆ ಪತ್ರದ ಬದಲು, ಸಭೆಯಲ್ಲಿ ನಿರ್ಣಯಿಸಿ ಅಭಿವೃದ್ಧಿ ಅಧಿಕಾರಿಯ ಮೂಲಕ ಲಿಖಿತ ನೋಟಿಸು ಕಳುಹಿಸಿ, ಅದನ್ನು ವಿಮಾ ಕಂಪನಿಗೆ ಕೂಡಲೇ ತಿಳಿಸಲು ಸೂಚಿಸುವುದು ಸರಿಯಾದ ಕ್ರಮ. ದೋಷ ಕಂಡ ದಿನ, ಸ್ಥಳ, ದಿನಾಂಕ ಸಹಿತ ಛಾಯಾಚಿತ್ರ, ಅಂದಾಜು ನಷ್ಟ ಇವೆಲ್ಲ ನೋಟಿಸಿನಲ್ಲಿರಬೇಕು. ತಡ ಮಾಡುವಂತಿಲ್ಲ: ಕರಾರು ಉಲ್ಲಂಘನೆಯ ಪರಿಹಾರ ದಾವೆಗೆ 1963ರ ಕಾಲಮಿತಿ ಅಧಿನಿಯಮದಲ್ಲಿ ಇರುವುದು 3 ವರ್ಷ, ಮತ್ತು ಆ ಲೆಕ್ಕ ಸಾಮಾನ್ಯವಾಗಿ ಉಲ್ಲಂಘನೆಯಾದ ದಿನದಿಂದ ಆರಂಭವಾಗುತ್ತದೆ, ಬಿರುಕು ಕಂಡ ದಿನದಿಂದಲ್ಲ.

ಕಂಪನಿಯ ಸರ್ವೇಯರ್ ನೋಡುವ ಮೊದಲೇ ಗೋಡೆ ಒಡೆದು ದುರಸ್ತಿ ಮಾಡಿದರೆ ಸಾಕ್ಷ್ಯ ಮಣ್ಣುಪಾಲಾಗುತ್ತದೆ. ಆದರೆ ಕುಸಿಯುವ ಭಯವಿದ್ದಲ್ಲಿ ಯಾರಿಗೂ ಕಾಯಬೇಕಿಲ್ಲ: ಭವನವನ್ನು ತೆರವುಗೊಳಿಸಿ, ಬೀಗ ಹಾಕಿ, ಗೋಡೆಗೆ ಆಸರೆ ಕೊಟ್ಟು, ಹಾಗೆ ಮಾಡುವ ಮುನ್ನ ಚಿತ್ರಗಳನ್ನು ತೆಗೆದಿಟ್ಟುಕೊಳ್ಳಬೇಕು.